ಎರಡರಿಂದ ಗುಣಿಸಬೇಕಾದ ಅಂಕಿ

ಮಾರ್ಚ್ 4

ಪ್ರಿಯ ಪೆನ್ಸಿಲ್,

ಭಾವ ಯಾವತ್ತೂ ಇಲ್ಲದೆ ಕಾಗದ ಬರೆದಿದ್ದಾನಲ್ಲ ಎಂದು ಹುಬ್ಬೇರಿಸುತ್ತಿರಬೇಕು. ಫೋನ್ ಮಾಡಬಹುದಿತ್ತು. ಆದರೆ ನನ್ನ ಸೆಲೂನಿನಲ್ಲಿ ನಾನು ದನಿ ತಗ್ಗಿಸಿದರೆ ಸಾಕು, ಬೆಂಚಿನ ಮೇಲಿನವರೆಲ್ಲ ಪೇಪರ್ ಇಳಿಸಿ ಕಿವಿ ಕೊಡುತ್ತಾರೆ. ಮನೆಯಲ್ಲಿ ಮಾತಾಡಿದರೆ ನಿನ್ನಕ್ಕ ಅಡುಗೆಮನೆಯಿಂದಲೇ ನನ್ನ ಪರವಾಗಿ ಉತ್ತರ ಕೊಡುತ್ತಾಳೆ. ಇದು ಸೊಂಟದ ಕೆಳಗಿನ ವಿಷಯ. ಬರೆಯುವುದೇ ವಾಸಿ.

ನನಗೆ ಪ್ರಾಸ್ಟೇಟ್ ಕ್ಯಾನ್ಸರ್ ಇದೆ. ನಿನ್ನಕ್ಕನಿಗೆ ಗೊತ್ತು. ಅವಳು ಅಳಲಿಲ್ಲ, ತೊಳೆದಿಟ್ಟ ಪಾತ್ರೆಗಳನ್ನೆಲ್ಲ ಮತ್ತೊಮ್ಮೆ ತೊಳೆದಳು.

ಮೂತ್ರ ಕಟ್ಟುತ್ತಿದೆ ಎಂದು ತೋರಿಸಲು ಹೋದವನು ನಾನು. ಮೊದಲು ಗ್ಲೌಸು ಹಾಕಿದ ಬೆರಳು, ಆಮೇಲೆ ಸೂಜಿ. ಗೋಡೆಗೆ ಮುಖ ಮಾಡಿ ಮಲಗಿಸಿ ಹಿಂದಿನಿಂದ ಗ್ರಂಥಿಯ ಚೂರುಗಳನ್ನು ಕಿತ್ತರು. ಪ್ರತಿ ಚೂರಿಗೂ ಸ್ಟೇಪ್ಲರ್ ಒತ್ತಿದ ಹಾಗೆ ಟಕ್ ಎಂಬ ಸದ್ದು. ಹೊರಗೆ ಕಾಯುವ ಕೋಣೆಯಲ್ಲಿ ನನ್ನಂಥವರೆಲ್ಲ ಮೂತ್ರದ ಸೀಸೆಗಳನ್ನು ಮಡಿಲಲ್ಲಿಟ್ಟುಕೊಂಡು ಟೀವಿಯಲ್ಲಿ ಅಡುಗೆ ಕಾರ್ಯಕ್ರಮ ನೋಡುತ್ತಿದ್ದರು.

ಈಗ ಉಳಿದಿರುವ ಪ್ರಶ್ನೆ ಒಂದೇ. ಅದು ಗ್ರಂಥಿಯೊಳಗೇ ಇದೆಯೋ, ಹೊರಗೆ ಹರಡಿದೆಯೋ. ಡಾಕ್ಟರು ಹೇಳಿದ್ದು ಹೀಗೆ: "ನಮ್ಮಲ್ಲಿ ಒಂದು ಅಧ್ಯಯನ ನಡೀತಿದೆ. ರಕ್ತದಲ್ಲಿರೋ ಪಿಎಸ್‌ಎ ಮತ್ತೆ ಇನ್ನೂ ಕೆಲವು ಗುರುತುಗಳನ್ನ ಅಳೆದು, ಹರಡಿರೋ ಸಾಧ್ಯತೆ ಎಷ್ಟು ಅಂತ ಅಂಕ ಕೊಡ್ತೀವಿ. ಅಂಕ ಕಡಿಮೆ ಬಂದ್ರೆ ಸ್ಕ್ಯಾನ್ ಬೇಡ, ಚಿಕಿತ್ಸೆನೂ ಸದ್ಯಕ್ಕೆ ಬೇಡ. ಸುಮ್ನೆ ಗಮನಿಸ್ತಾ ಇರೋದು."

ಇದರ ಜೊತೆ ನಿನ್ನ ಪತ್ರಿಕೆಯ ಆರೋಗ್ಯ ಪುಟದ ತುಂಡು ಇಟ್ಟಿದ್ದೇನೆ. "ಒಂದು ಹನಿ ರಕ್ತ, ಪೂರ್ತಿ ಭವಿಷ್ಯ!" ಆ ಪುಟ ನೋಡಿಕೊಳ್ಳುವವನು ನೀನೇ ಅಲ್ಲವೇ? ನಿಜವೋ ಸುಳ್ಳೋ, ಅಷ್ಟು ಹೇಳು. ಮನೆಯಲ್ಲಿ ಸಿಗುವ ಸಮಾಧಾನವೇ ನನಗೆ ಬೇಕಾದಷ್ಟಾಗಿದೆ.

ನಿನ್ನ ಭಾವ


ಮಾರ್ಚ್ 11

ಪ್ರೀತಿಯ ಭಾವ,

ನಿಮ್ಮ ಕಾಗದವನ್ನು ಆಫೀಸಿನ ಮೆಟ್ಟಿಲ ಮೇಲೆ ಕುಳಿತು ಓದಿದೆ. ಒಳಗೆ ಹೋಗಿ ಕೆಲಸ ಮಾಡಲು ಕೈ ಏಳಲಿಲ್ಲ.

ನೀವು ಸಮಾಧಾನ ಬೇಡ ಎಂದಿದ್ದೀರಿ, ಕೊಡುವುದಿಲ್ಲ. ಆ ಶೀರ್ಷಿಕೆ ಸುಳ್ಳು. ನಾನು ಕೊಟ್ಟಿದ್ದು "ಹರಡುವಿಕೆಯ ಸುಳಿವು ರಕ್ತದಲ್ಲಿ" ಎಂದು. ಪುಟ ಅಚ್ಚಿಗೆ ಹೋಗುವ ಹೊತ್ತಿಗೆ ಮೇಲಿನವರು ಸುಳಿವನ್ನು ಭವಿಷ್ಯ ಮಾಡಿ, ಕೊನೆಗೊಂದು ಆಶ್ಚರ್ಯ ಚಿಹ್ನೆಯನ್ನೂ ಅಂಟಿಸಿದ್ದರು. ಅದರ ಕೆಳಗೆ ಗಂಡಸುತನ ಹೆಚ್ಚಿಸುವ ಪುಡಿಯ ಜಾಹೀರಾತು ಬಂದಿದೆ, ನೋಡಿರುತ್ತೀರಿ. ನನ್ನ ಹೆಸರಿನ ಪುಟ ನೋಡಿದರೆ ಕೈ ತೊಳೆಯಬೇಕೆನ್ನಿಸುತ್ತದೆ.

ಸುದ್ದಿಯಲ್ಲಿದ್ದ ನಿಜ ಇಷ್ಟು. ಪಿಎಸ್‌ಎ ಎನ್ನುವುದು ಆ ಗ್ರಂಥಿ ರಕ್ತಕ್ಕೆ ಬಿಡುವ ಒಂದು ವಸ್ತು. ಗಡ್ಡೆಯಿದ್ದರೆ ಸಾಮಾನ್ಯವಾಗಿ ಹೆಚ್ಚು ಇರುತ್ತದೆ. ಅದರ ಜೊತೆ ಬೇರೆ ಗುರುತುಗಳನ್ನೂ ಸೇರಿಸಿ ಲೆಕ್ಕ ಹಾಕಿದರೆ, ಯಾರಲ್ಲಿ ಹರಡಿರುವ ಸಂಭವ ಹೆಚ್ಚು, ಯಾರಲ್ಲಿ ಕಡಿಮೆ ಎಂದು ಅಂದಾಜು ಮಾಡಬಹುದು. ಅಂದಾಜು ಅಷ್ಟೇ. ನಿಮ್ಮಂಥ ಅನೇಕರಲ್ಲಿ ಏನಾಯಿತು ಎಂದು ಅದು ಹೇಳುತ್ತದೆ, ನಿಮಗೆ ಏನಾಗುತ್ತದೆ ಎಂದು ಹೇಳುವುದಿಲ್ಲ. ಆದರೂ ಉಪಯೋಗಕ್ಕೆ ಬರುವ ಅಂದಾಜು. ರಕ್ತ ಕೊಡಿ. ಅವರು ಏನು ಕೇಳಿದರೂ ಸರಿಯಾಗಿ ಉತ್ತರಿಸಿ. ಅಲ್ಲಿ ನಿಮ್ಮ ಗಿರಾಕಿಗಳ ಜೊತೆ ಕೊಚ್ಚುವ ಬಡಾಯಿ ಬೇಡ.

ಅಕ್ಕನಿಗೆ ನಾನು ಫೋನ್ ಮಾಡಿದೆ. "ಏನೂ ಇಲ್ಲ ಬಿಡೋ" ಎಂದಳು. ಹಿಂದೆ ಪಾತ್ರೆಯ ಸದ್ದು ಕೇಳುತ್ತಿತ್ತು.

ನಿಮ್ಮ
ಪೆನ್ಸಿಲ್


ಏಪ್ರಿಲ್ 2

ಪ್ರಿಯ ಪೆನ್ಸಿಲ್,

ನಿನ್ನ ಅಂದಾಜು ನನ್ನ ಕಡೆಗಿದೆ! ಅಂಕ ಕಡಿಮೆ ಬಂದಿದೆ. ಪಿಎಸ್‌ಎ ಒಂಬತ್ತು. ಉಳಿದ ಗುರುತುಗಳು ಹೆಚ್ಚೂ ಇಲ್ಲ, ಕಡಿಮೆಯೂ ಇಲ್ಲ, ನಡುವೆ ಎಲ್ಲೋ ಇವೆಯಂತೆ. ಎಲ್ಲ ಸೇರಿಸಿದರೆ ಹರಡಿರುವ ಸಂಭವ ತೀರ ಕಡಿಮೆ. ಸ್ಕ್ಯಾನ್ ಬೇಡ, ಆಗಾಗ ಬಂದು ರಕ್ತ ಕೊಟ್ಟು ಹೋಗಿ ಎಂದರು.

ಒಳ್ಳೆಯ ಸುದ್ದಿಯೂ ಇಷ್ಟು ಅಸಹ್ಯವಾಗಿರುತ್ತದೆ ಎಂದು ನನಗೆ ಗೊತ್ತಿರಲಿಲ್ಲ. ನಿನ್ನಕ್ಕ ಬೀದಿಯವರಿಗೆಲ್ಲ ಹೇಳಿದಳು. ಸೆಲೂನಿಗೆ ಬಂದವರೆಲ್ಲ ಬೆನ್ನು ತಟ್ಟುತ್ತಾರೆ. ನಿನ್ನೆ ಮೊನ್ನೆಯವರೆಗೆ ನನ್ನ ಸೊಂಟದ ಕೆಳಗಿನ ಭಾಗ ಊರ ಆಸ್ತಿಯಾಗಿರಲಿಲ್ಲ. ಈಗ ಮುಖಕ್ಕೆ ಸೋಪು ಹಚ್ಚಿಸಿಕೊಂಡು ಕೂತವನು ಕನ್ನಡಿಯಲ್ಲೇ ಕೇಳುತ್ತಾನೆ, "ಮಾಲೀಕ್ರೇ, ಈಗ ಸರಿಯಾಗಿ ಹೋಗುತ್ತಾ?" ನನ್ನ ಕೈಯಲ್ಲಿ ರೇಜರ್ ಇದೆ ಎನ್ನುವುದನ್ನೂ ಮರೆತು.

ಆಸ್ಪತ್ರೆಯಲ್ಲಿ ಬೇರೆ ಮೆರವಣಿಗೆ. ರಕ್ತ ತೆಗೆಯುವ ಮೊದಲು ಒಬ್ಬ ಹುಡುಗಿ ಪ್ರಶ್ನೆ ಕೇಳಿದಳು. "ದಿನಾ ಏನಾದ್ರೂ ಔಷಧಿ ತಗೋತೀರಾ? ಬಿಪಿ, ಶುಗರ್?" ಒಂದೂ ಇಲ್ಲಮ್ಮ ಎಂದೆ. "ಈ ವಯಸ್ಸಲ್ಲಿ! ಕೂದಲು ನೋಡಿದ್ರೇನೇ ಗೊತ್ತಾಗುತ್ತೆ ಬಿಡಿ" ಎಂದಳು. ಈಗ ಅಧ್ಯಯನ ನಡೆಯುವ ಕೋಣೆಯ ಗೋಡೆಗೆ ನನ್ನ ಫೋಟೋ ಹಾಕಿದ್ದಾರೆ. ಔಷಧಿ ಸೋಕದ ದೇಹ, ನಗುಮುಖ, ತಲೆತುಂಬ ಕೂದಲು. ಕೆಳಗೆ "ರಕ್ತಪರೀಕ್ಷೆ ನನ್ನನ್ನು ಭಯದಿಂದ ಬಿಡಿಸಿತು" ಎಂದು ಬರೆದಿದೆ. ಹಾಗೆ ನಾನು ಹೇಳಿಯೇ ಇಲ್ಲ. ಅದೂ ನಿನ್ನ ಪತ್ರಿಕೆಯ ಮೇಲಿನವರೇ ಬರೆದದ್ದಿರಬೇಕು.

ಇರಲಿ. ಖುಷಿಯಲ್ಲಿ ನಿನಗೊಂದು ಉಡುಗೊರೆ ಕಳಿಸಿದ್ದೇನೆ. ಕಳೆದ ಸಲ ಬಂದಾಗ ನಿನ್ನ ನೆತ್ತಿ ನೋಡಿ ನನಗೆ ಕರುಳು ಕಿತ್ತು ಬಂತು. ಪೆನ್ಸಿಲಿನ ತುದಿಗೆ ರಬ್ಬರ್ ಹಾಕಿದ ಹಾಗಿದ್ದೆ. ಈ ಸಣ್ಣ ಮಾತ್ರೆ ದಿನಕ್ಕೊಂದು. ನಾನು ವರ್ಷಗಟ್ಟಲೆಯಿಂದ ನುಂಗುತ್ತಿದ್ದೇನೆ. ಬಾಚಣಿಗೆಗಳ ಪಕ್ಕದ ಡಬ್ಬಿಯಲ್ಲಿಟ್ಟಿರುತ್ತೇನೆ, ಷಟರ್ ಎತ್ತಿದ ಕೂಡಲೇ ಒಂದು. ಕಟಿಂಗ್ ಮಾಡುವವನ ತಲೆಯೇ ಅಂಗಡಿಯ ಬೋರ್ಡು. ಯಾರಿಗೂ ಹೇಳಬೇಡ, ನಿನ್ನಕ್ಕನಿಗೂ. ನನ್ನ ಕೂದಲು ತನ್ನ ಅಡುಗೆಯ ಗುಣ ಎಂದು ತಿಳಿದುಕೊಂಡಿದ್ದಾಳೆ.

ನಿನ್ನ ಭಾವ


ಏಪ್ರಿಲ್ 9

ಭಾವ,

ಈ ಕಾಗದ ಓದಿದ ಮೇಲೆ ಕೋಪ ಬರುತ್ತದೆ. ಬರಲಿ. ಪೂರ್ತಿ ಓದಿ.

ನೀವು ಕಳಿಸಿದ ಮಾತ್ರೆಯ ಪಟ್ಟಿಯ ಹಿಂಬದಿಯ ಹೆಸರು ಓದಿದೆ. ನಮ್ಮ ಪುಟಕ್ಕೆ ಬರೆಯುವ ಡಾಕ್ಟರಿಗೆ ತೋರಿಸಿದೆ. ಅವರು ಮೊದಲು ನನ್ನ ತಲೆ ನೋಡಿ ನಕ್ಕರು. ನಿಮ್ಮ ವಿಷಯ ಹೇಳಿದ ಮೇಲೆ ನಗು ನಿಲ್ಲಿಸಿದರು. ಈ ಮಾತ್ರೆ ಕೂದಲನ್ನು ಉಳಿಸುವುದು ಒಂದು ಹಾರ್ಮೋನನ್ನು ತಡೆದು. ಅದೇ ಹಾರ್ಮೋನು ಪ್ರಾಸ್ಟೇಟಿಗೂ ಬೇಕು. ಹಾಗಾಗಿ ಇದನ್ನು ಬಹಳ ಕಾಲ ನುಂಗುವವರ ರಕ್ತದಲ್ಲಿ ಪಿಎಸ್‌ಎ ಸುಮಾರು ಅರ್ಧಕ್ಕೆ ಇಳಿದಿರುತ್ತದೆ. ಕಾಯಿಲೆ ಇಳಿದಿರುವುದಿಲ್ಲ, ಅಂಕಿ ಮಾತ್ರ. ಅಂಥವರ ಅಂಕಿಯನ್ನು ಡಾಕ್ಟರುಗಳು ಎರಡರಿಂದ ಗುಣಿಸಿ ಓದುತ್ತಾರಂತೆ.

ನಿಮ್ಮ ಒಂಬತ್ತು ಹದಿನೆಂಟು ಇರಬಹುದು, ಭಾವ. ಹದಿನೆಂಟು ಹಾಕಿದ್ದರೆ ಅವರು ನಿಮ್ಮನ್ನು ಮನೆಗೆ ಕಳಿಸುತ್ತಿರಲಿಲ್ಲ, ಸ್ಕ್ಯಾನಿಗೆ ಕಳಿಸುತ್ತಿದ್ದರು. ಹರಡಿರಲಿಕ್ಕಿಲ್ಲ. ಆದರೆ ಹರಡಿಲ್ಲ ಎಂದು ಹೇಳಿದ ಲೆಕ್ಕಕ್ಕೆ ಈಗ ಬೆಲೆಯಿಲ್ಲ.

ನಾಳೆಯೇ ಹೋಗಿ ಡಬ್ಬಿ ತೋರಿಸಿ. ಒಂದು ನಿಮಿಷದ ಕೆಲಸ.

ಪೆನ್ಸಿಲ್


ಏಪ್ರಿಲ್ 28

ಭಾವ,

ಉತ್ತರವಿಲ್ಲ. ಫೋನ್ ಮಾಡಿದರೆ "ಕಟಿಂಗ್ ನಡೀತಿದೆ" ಎಂದು ಇಡುತ್ತೀರಿ. ಬೆಳಿಗ್ಗೆ ಮಾಡಿದರೂ ಅದೇ, ನಿಮಗೆ ವಾರದ ರಜೆಯಿರುವ ದಿನ ಮಾಡಿದರೂ ಅದೇ. ರಜೆಯ ದಿನ ಯಾರ ತಲೆ ಕತ್ತರಿಸುತ್ತಿದ್ದಿರಿ?

ನೀವು ಆಸ್ಪತ್ರೆಗೆ ಹೋಗಿಲ್ಲ ಎಂದು ನನಗೆ ಗೊತ್ತು. ಇನ್ನು ಒಂದು ವಾರ ನೋಡುತ್ತೇನೆ. ಆಮೇಲೆ ಅಕ್ಕನಿಗೆ ಹೇಳುತ್ತೇನೆ.

ಪೆನ್ಸಿಲ್


ಮೇ 3

ಪೆನ್ಸಿಲ್,

ಹೇಳು. ಹೇಳಿ ಪುಣ್ಯ ಕಟ್ಟಿಕೋ. ಜೀವನದಲ್ಲಿ ನೀನು ಮಾಡಿರುವುದೇ ಇಷ್ಟು, ಇನ್ನೊಬ್ಬರು ಬರೆದದ್ದನ್ನು ತಿದ್ದುವುದು. ನನಗೆ ಒಂದೇ ಒಂದು ಒಳ್ಳೆಯ ಸುದ್ದಿ ಬಂದಿತ್ತು. ಅದಕ್ಕೂ ಗೀಟು ಹಾಕಿದೆ.

ನಾನು ಹೆದರಿದ್ದೇನೆ ಎಂದುಕೊಂಡಿದ್ದೀಯ. ಸಾವಿಗಲ್ಲ. ನನ್ನ ಮೂರನೇ ಕುರ್ಚಿಗೆ ಒಬ್ಬರು ನಿವೃತ್ತ ಮೇಷ್ಟ್ರು ಬರುತ್ತಿದ್ದರು. ಇಸ್ತ್ರಿ ಮಾಡಿದ ಷರ್ಟು, ಜೇಬಿನಲ್ಲಿ ಎರಡು ಪೆನ್ನು. ಬೆಂಚಿನ ಮೇಲಿನವರ ತಪ್ಪು ಗಾದೆಗೆ ತಿದ್ದುಪಡಿ ಹೇಳುವ ಗತ್ತು. ಅವರಿಗೂ ಇದೇ ಕಾಯಿಲೆ ಬಂತು. ಆಪರೇಷನ್ ಆದ ಮೇಲೆ ಮೂತ್ರ ಹಿಡಿತಕ್ಕೆ ಬರಲಿಲ್ಲ. ಕೆಮ್ಮಿದರೆ ಜಿನುಗುತ್ತದೆ, ನಕ್ಕರೆ ಜಿನುಗುತ್ತದೆ. ಬಂದು ಕೂತರೆ ಪೌಡರಿನ ವಾಸನೆಯ ಅಡಿಯಿಂದ ಆ ಇನ್ನೊಂದು ವಾಸನೆ ಏಳುತ್ತಿತ್ತು. ನಾನು ಬಾಯಲ್ಲಿ ಉಸಿರಾಡಿಕೊಂಡು ಕತ್ತರಿ ಆಡಿಸುತ್ತಿದ್ದೆ. ಕೊನೆಯ ಸಲ ಅವರು ಎದ್ದಾಗ ಸೀಟಿನ ಮೇಲೆ ಒದ್ದೆ ಕಲೆ ಇತ್ತು. ನಾನು ಫಿನಾಯಿಲ್ ತಂದು ತಿಕ್ಕಿದೆ. ಅವರಿನ್ನೂ ಬಾಗಿಲು ದಾಟಿರಲಿಲ್ಲ. ಆಮೇಲೆ ಅವರು ಬರಲಿಲ್ಲ, ನನಗೆ ನಿರಾಳವಾಯಿತು.

ಈಗ ನೀನು ನನ್ನನ್ನು ಆ ಕುರ್ಚಿಯಲ್ಲಿ ಕೂರಿಸಲು ಹೊರಟಿದ್ದೀಯ. ನನ್ನ ಹಿಂದೆ ಇನ್ನೊಬ್ಬ ಬಾಯಲ್ಲಿ ಉಸಿರಾಡುತ್ತ ನಿಲ್ಲಬೇಕು. ಥೂ. ಒಂಬತ್ತು ಒಂಬತ್ತಾಗಿಯೇ ಇರಲಿ ಬಿಡು.

ಭಾವ


ಮೇ 21

ಪ್ರೀತಿಯ ತಮ್ಮನಿಗೆ,

ನಿನ್ನ ಫೋನ್ ಬಂದ ದಿನದಿಂದ ಇಂದಿನವರೆಗೆ ಏನೇನಾಯಿತು ಎಂದು ಬರೆಯುತ್ತೇನೆ. ನಿಮ್ಮ ಭಾವ ಬರೆಯುವುದಿಲ್ಲ, ನಿನ್ನ ಮೇಲೆ ಇನ್ನೂ ಉರಿಯುತ್ತಿದ್ದಾರೆ.

ನಾನು ನೇರ ಸೆಲೂನಿಗೆ ಹೋದೆ. ಬೆಂಚು ತುಂಬಿತ್ತು. ಬಾಚಣಿಗೆಗಳ ಪಕ್ಕದಿಂದ ಡಬ್ಬಿ ತೆಗೆದು, "ರೀ, ಇದೇನು?" ಎಂದೆ. ಅವರು ಗಿರಾಕಿಯ ಕಿವಿ ಮಡಚಿ ಹಿಡಿದುಕೊಂಡೇ, "ಅಂಗಡಿ ಸಾಮಾನು, ಇಡು ಅಲ್ಲಿ" ಎಂದರು. "ಇಷ್ಟು ವರ್ಷ ನನ್ನ ಅಡುಗೆಯಿಂದ ಕೂದಲು ಬಂತು ಅಂತ ನಾನು ಎಲ್ಲರ ಹತ್ರ ಹೇಳ್ಕೊಂಡು ತಿರುಗಿದ್ನಲ್ರೀ!" ಎಂದೆ. ಬೆಂಚಿನವರೆಲ್ಲ ನಕ್ಕರು. ಅವರು ನಗಲಿಲ್ಲ. ಕಿವಿ ಹಿಡಿಸಿಕೊಂಡಿದ್ದವನು, "ಮೊದ್ಲು ಕಿವಿ ಬಿಡಿ ಮಾಲೀಕ್ರೇ" ಎಂದ.

ಮಾರನೆಯ ಬೆಳಿಗ್ಗೆ ಎದ್ದು ತಾವೇ ಷರ್ಟು ಹಾಕಿಕೊಂಡು, "ಬರೋದಾದ್ರೆ ಬಾ" ಎಂದರು. ಆಸ್ಪತ್ರೆಯಲ್ಲಿ ನಾನೇ ಹೇಳಬೇಕಾಗುತ್ತದೆ ಎಂದು ಮಾತು ಜೋಡಿಸಿಕೊಂಡು ಹೋಗಿದ್ದೆ. ನಾನು ಬಾಯಿ ತೆರೆಯುವ ಮೊದಲೇ ಅವರು ಡಬ್ಬಿಯನ್ನು ಡಾಕ್ಟರ ಮೇಜಿನ ಮೇಲಿಟ್ಟರು.

ಡಾಕ್ಟರು ಹೆಸರು ಓದಿ ಮುಖ ಕಿವುಚಿದರು. "ಇದನ್ನ ಮೊದ್ಲೇ ಹೇಳ್ಬಾರ್ದಾಗಿತ್ತಾ? ಔಷಧಿ ಏನಾದ್ರೂ ತಗೋತೀರಾ ಅಂತ ಕೇಳಿದ್ವಲ್ಲ?"

"ಔಷಧಿ ಕೇಳಿದ್ರಿ. ನಾನು ಇದನ್ನ ಕತ್ತರಿ ಜೊತೆ ಇಡೋನು" ಎಂದರು ನಿಮ್ಮ ಭಾವ. ತಮಾಷೆಗಲ್ಲ, ನಿಜವಾಗಿ ಹಾಗೇ ತಿಳಿದಿದ್ದರು.

ಡಾಕ್ಟರು ಅಂಕಿಗಳನ್ನು ಮತ್ತೆ ಹಾಕಿ ನೋಡಿದರು. ಆಮೇಲೆ, ತಪ್ಪು ಮಾಹಿತಿ ಸೇರಿದ್ದರಿಂದ ಅಧ್ಯಯನದಿಂದ ಇವರನ್ನು ಕೈಬಿಡಬೇಕಾಗುತ್ತದೆ ಎಂದರು. ನನಗೆ ಎಲ್ಲಿತ್ತೋ ಸಿಟ್ಟು. "ಅಧ್ಯಯನದಿಂದ ಬಿಡಿ ಸ್ವಾಮಿ. ಮನುಷ್ಯನ್ನ ಬಿಡಬೇಡಿ" ಎಂದೆ. ಸ್ಕ್ಯಾನಿಗೆ ಬರೆದುಕೊಟ್ಟರು.

ಹೊರಗೆ ಬರುವಾಗ ಗೋಡೆಯ ಮೇಲಿನ ಅವರ ಫೋಟೋವನ್ನು ಯಾರೋ ಕೀಳುತ್ತಿದ್ದರು. ಸರಿಯಾಗಿ ಬರಲಿಲ್ಲ. ಮುಖದ ಭಾಗ ಬಂತು, ಕೂದಲಿನ ಭಾಗ ಗೋಡೆಗೇ ಅಂಟಿಕೊಂಡಿತ್ತು. ಇವರು ನಿಂತು ನೋಡಿ, "ಗೋಂದು ಚೆನ್ನಾಗಿದೆ" ಎಂದರು.

ನಿನ್ನೆ ಫಲಿತಾಂಶ ಬಂತು. ಸೊಂಟದ ಮೂಳೆಯಲ್ಲಿ ಎರಡು ಕಡೆ ಚುಕ್ಕೆ ಇದೆ. ನಾನು ಪಾತ್ರೆ ತೊಳೆಯಲು ಹೋಗಲಿಲ್ಲ. ಅವರ ಪಕ್ಕ ಕೂತೆ.

ನಿನ್ನ ಅಕ್ಕ


ಜುಲೈ 16

ಪ್ರೀತಿಯ ಭಾವ,

ನೀವು ಓದದೆ ಹರಿದು ಹಾಕಬಹುದು ಎಂದು ತಿಳಿದೇ ಬರೆಯುತ್ತಿದ್ದೇನೆ. ಆಪರೇಷನ್ ಇಲ್ಲ, ಇಂಜೆಕ್ಷನ್ ಶುರುವಾಗಿದೆ ಎಂದು ಅಕ್ಕ ಹೇಳಿದಳು.

ನಿನ್ನೆ ಆ ಅಧ್ಯಯನದ ಪ್ರಕಟಣೆ ನನ್ನ ಮೇಜಿಗೆ ಬಂತು. ರಕ್ತದ ಗುರುತುಗಳಿಂದ ಹಾಕಿದ ಅಂದಾಜು ಬಹುಪಾಲು ಸರಿಯಾಗಿದೆಯಂತೆ. ಕೊನೆಯಲ್ಲಿ ಒಂದು ಸಾಲು: "ಮಾಹಿತಿ ಹೊಂದಿಕೆಯಾಗದ ಕೆಲವರನ್ನು ಲೆಕ್ಕದಿಂದ ಕೈಬಿಡಲಾಗಿದೆ." ಆ ಕೆಲವರಲ್ಲಿ ನೀವೂ ಒಬ್ಬರು. ಲೆಕ್ಕದ ದೃಷ್ಟಿಯಿಂದ ಅವರು ಮಾಡಿದ್ದು ತಪ್ಪಲ್ಲ. ಪರೀಕ್ಷೆಯೂ ಸುಳ್ಳಲ್ಲ, ಮುಂದೆ ಎಷ್ಟೋ ಜನರಿಗೆ ಅದರಿಂದ ಒಳ್ಳೆಯದಾಗುತ್ತದೆ. ಇದನ್ನೆಲ್ಲ ತಿಳಿದೂ ಆ ಸಾಲನ್ನು ಮತ್ತೆ ಮತ್ತೆ ಓದಿದೆ. ಅಷ್ಟು ಅಚ್ಚುಕಟ್ಟಾದ ಸಾಲು ಅದು, ಒಂದು ಕಲೆಯೂ ಇಲ್ಲ.

ಆ ಸಾಲಿಗೆ ನಾನು ಇನ್ನೊಂದು ಸೇರಿಸಿದೆ: ರಕ್ತ ಕೊಡುವ ಮೊದಲು ಕೂದಲಿನ ಮಾತ್ರೆ ನುಂಗುವವರು ಅದನ್ನೂ ಹೇಳಬೇಕು. ಮೇಲಿನವರು ಜಾಗವಿಲ್ಲ ಎಂದು ಹೊಡೆದು ಹಾಕಿದರು. ನಾನು ಶೀರ್ಷಿಕೆಯ ಗಾತ್ರ ಇಳಿಸಿ ಅದಕ್ಕೆ ಜಾಗ ಮಾಡಿದೆ. ಇಬ್ಬರಿಗೂ ಜಗಳವಾಯಿತು. ಇವತ್ತು ಬೆಳಿಗ್ಗೆ ಅಚ್ಚಾಗಿ ಬಂದಿದೆ. ತುಂಡು ಇಟ್ಟಿದ್ದೇನೆ.

ನಿಮ್ಮ ಸುದ್ದಿಗೆ ಗೀಟು ಹಾಕಿದವನು,
ಪೆನ್ಸಿಲ್


ಸೆಪ್ಟೆಂಬರ್ 8

ಪ್ರಿಯ ಪೆನ್ಸಿಲ್,

ಹರಿದು ಹಾಕಲಿಲ್ಲ. ತುಂಡನ್ನು ಮೂರನೇ ಕುರ್ಚಿಯ ಎದುರಿನ ಕನ್ನಡಿಗೆ ಅಂಟಿಸಿದ್ದೇನೆ. ಇಬ್ಬರು ಗಿರಾಕಿಗಳು ಓದಿ, ಕನ್ನಡಿಯಲ್ಲಿ ನನ್ನ ಕಣ್ಣು ತಪ್ಪಿಸಿದರು. ಅವರ ತಲೆಯ ಗುಟ್ಟು ನನಗೆ ತಿಳಿಯಿತು.

ಇಂಜೆಕ್ಷನ್ನಿನ ಬಗ್ಗೆ ಕೇಳಬೇಡ ಎಂದರೂ ಕೇಳುತ್ತೀಯ, ಅದಕ್ಕೆ ಹೇಳಿಬಿಡುತ್ತೇನೆ. ಗಂಡಸಿನ ಹಾರ್ಮೋನನ್ನು ಪೂರ್ತಿ ನಿಲ್ಲಿಸುವ ಇಂಜೆಕ್ಷನ್ ಇದು. ನಿಂತಲ್ಲೇ ಕೆಂಡ ಸುರಿದ ಹಾಗೆ ಬಿಸಿ ಏರುತ್ತದೆ, ಬನಿಯನ್ ತೊಯ್ದು ಬೆನ್ನಿಗೆ ಅಂಟುತ್ತದೆ. ಎದೆ ಊದಿಕೊಂಡು ಷರ್ಟಿನ ಗುಂಡಿ ಎಳೆಯುತ್ತದೆ. ಗಡ್ಡ ಬೆಳೆಯುವುದೇ ನಿಧಾನವಾಗಿದೆ. ಮೂರು ಕನ್ನಡಿಗಳ ನಡುವೆ ದಿನವಿಡೀ ಈ ದೇಹವನ್ನು ನೋಡಿಕೊಂಡು ನಿಲ್ಲಬೇಕು. ತಲೆಯ ಕೂದಲು ಮಾತ್ರ ಒಂದೂ ಉದುರುತ್ತಿಲ್ಲ. ನನ್ನ ಮಾತ್ರೆ ಅರ್ಧಂಬರ್ಧ ಮಾಡುತ್ತಿದ್ದ ಕೆಲಸವನ್ನು ಇದು ಪೂರ್ತಿ ಮಾಡುತ್ತದಂತೆ. ಬಂದವರೆಲ್ಲ "ಏನ್ ಕೂದ್ಲು ಮಾಲೀಕ್ರೇ!" ಎನ್ನುತ್ತಾರೆ. ಹೇಸಿಗೆಯಾಗುತ್ತದೆ.

ಪಿಎಸ್‌ಎ ಎರಡಕ್ಕೆ ಇಳಿದಿದೆ. ಮೊನ್ನೆ ಡಾಕ್ಟರ ಬಾಯಿಂದ ಅಂಕಿ ಬಂದ ಕೂಡಲೇ ನಾನು ಮನಸ್ಸಿನಲ್ಲೇ ಎರಡರಿಂದ ಗುಣಿಸಿದೆ. ಅವರಿಗೆ ಹೇಗೋ ತಿಳಿಯಿತು. "ಬೇಡ, ಮಾತ್ರೆ ನಿಲ್ಲಿಸಿದ್ದೀರಲ್ಲ, ಇದು ಇದ್ದ ಹಾಗೇ" ಎಂದರು.

ಕಳೆದ ವಾರ ಮೇಷ್ಟ್ರ ಮನೆ ಹುಡುಕಿಕೊಂಡು ಹೋದೆ. ಕತ್ತರಿ, ಬಟ್ಟೆ, ಬಾಚಣಿಗೆ ಚೀಲದಲ್ಲಿತ್ತು. ಕೂದಲು ಹೆಗಲಿಗೆ ಇಳಿದಿತ್ತು ಅವರದು. ಬೇರೆ ಅಂಗಡಿಗೂ ಹೋಗಿಲ್ಲ. ಒಳಗೆ ಕರೆಯದೆ ಬಾಗಿಲಲ್ಲೇ ನಿಂತರು.

"ಬರೋದೇ ಬಿಟ್ರಲ್ಲ ಮೇಷ್ಟ್ರೇ" ಎಂದೆ.

"ನಿಮ್ಮ ಕನ್ನಡಿ ತುಂಬ ದೊಡ್ಡದು" ಎಂದರು. "ಬಾಗಿಲ ಹತ್ರ ಚಪ್ಪಲಿ ಮೆಟ್ಟೋವಾಗ್ಲೂ ಹಿಂದೆ ನಡೆಯೋದೆಲ್ಲ ಕಾಣುತ್ತೆ. ಫಿನಾಯಿಲ್ ಸ್ವಲ್ಪ ಜಾಸ್ತಿ ಹಾಕಿದ್ರಿ."

ನನಗೂ ಅದೇ ಬಂದಿದೆ, ಮೂಳೆಗೆ ಹೋಗಿದೆ ಎಂದೆ. ಅವರು ನನ್ನನ್ನು ತಲೆಯಿಂದ ಕಾಲಿನವರೆಗೆ ನೋಡಿ, ಷರ್ಟಿನ ಗುಂಡಿಯ ಹತ್ತಿರ ಒಂದು ಕ್ಷಣ ಕಣ್ಣು ನಿಲ್ಲಿಸಿ, ಪಕ್ಕಕ್ಕೆ ಸರಿದರು. ಕೋಣೆಯಲ್ಲಿ ಇದ್ದದ್ದು ಒಂದೇ ಕುರ್ಚಿ, ಹತ್ತಿಯ ದಿಂಬು ಹಾಕಿದ್ದು. ಕೂತು ಕೊರಳು ಬಾಗಿಸಿದರು. ಆ ವಾಸನೆ ಇತ್ತು. ಮೂಗಿನಲ್ಲೇ ಉಸಿರಾಡುತ್ತ ಕತ್ತರಿಸಿದೆ. ಕಿವಿಯ ಹಿಂದೆ ಮುಗಿಸುವಾಗ, "ನಗಿಸಬೇಡಿ, ಅಷ್ಟು ಸಾಕು" ಎಂದರು. ನಾನು ನಗಿಸಿರಲಿಲ್ಲ. ಅವರೇ ಏನನ್ನೋ ನೆನೆಸಿಕೊಂಡು ನಗುತ್ತಿದ್ದರು.

ಬಟ್ಟೆ ಕೊಡವುವ ಹೊತ್ತಿಗೆ ನನಗೆ ಬಿಸಿ ಏರಿತು. ಕಣ್ಣು ಕತ್ತಲೆಗಟ್ಟಿ ಗೋಡೆ ಹಿಡಿದುಕೊಂಡೆ. ಮೇಷ್ಟ್ರು ಎದ್ದು, ಹಳೆಯ ಪೇಪರೊಂದನ್ನು ಬೀಸುತ್ತ, "ಕೂತ್ಕೊಳ್ಳಿ, ಕೂತ್ಕೊಳ್ಳಿ" ಎಂದರು. ಆಮೇಲೆ ಕುರ್ಚಿಯ ಕಡೆ ನೋಡಿ, ಬೀಸುವುದನ್ನು ನಿಲ್ಲಿಸಿದರು.

ದಿಂಬು ಒದ್ದೆಯಾಗಿತ್ತು. ಅಸಹ್ಯವಾಗಲಿಲ್ಲ ಎಂದು ಬರೆದರೆ ನೀನು ತಿದ್ದುತ್ತೀಯ. ಕೂತೆ. ಬಿಸಿ ಇಳಿಯುವವರೆಗೆ ಕೂತೇ ಇದ್ದೆ. ಅವರು ಮತ್ತೆ ಗಾಳಿ ಬೀಸತೊಡಗಿದರು.

ನಿನ್ನ ಭಾವ